ಟೋರ್ಬೆಲ್ಲಿನ ಹುಲ್ಲುಗಾವಲು

ಆಲ್ಪ್ಸ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿಮದ ಶಿಖರ. ಆದರೆ ಆ ನಾಡಿನ ರೈತನ ಬಾಯಲ್ಲಿ ‘ಆಲ್ಪ್’ ಎಂದರೆ ಶಿಖರವಲ್ಲ. ಬೇಸಗೆಯಲ್ಲಿ ದನ ಮೇಯಿಸುವ ಎತ್ತರದ ಹುಲ್ಲುಗಾವಲು. ಅಲ್ಲಿಗೆ ಹೋದ ಪ್ರವಾಸಿ ಹಸುಗಳ ಕೊರಳ ಗಂಟೆಯನ್ನು ಕೇಳಿ, ಚೀಸಿನ ರುಚಿ ನೋಡಿ ಹಿಂದಿರುಗುತ್ತಾನೆ. ಎಲ್ಲರಿಗೂ ಸೇರಿದ ಆ ಹುಲ್ಲು ಶತಮಾನಗಳ ಕಾಲ ಬರಿದಾಗದೆ ಉಳಿದದ್ದು ಹೇಗೆ ಎಂಬುದು ಅವನ ಕಣ್ಣಿಗೆ ಬೀಳುವುದಿಲ್ಲ.

ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದಲ್ಲಿ, ಸುಮಾರು 1,500 ಮೀಟರು ಎತ್ತರದ ಬೆಟ್ಟದೋರೆಯಲ್ಲಿ ಟೋರ್ಬೆಲ್ ಎಂಬ ಹಳ್ಳಿಯಿದೆ. ಅಲ್ಲಿ ಧಾನ್ಯದ ಹೊಲ, ದ್ರಾಕ್ಷಿತೋಟ, ಒಣಹುಲ್ಲು ಕೊಯ್ಯುವ ಬಯಲು ಇವೆಲ್ಲ ಒಬ್ಬೊಬ್ಬರ ಸ್ವಂತ ಆಸ್ತಿ. ಕಾಡೂ ಮೇಲಿನ ಹುಲ್ಲುಗಾವಲೂ ಮಾತ್ರ ಊರೊಟ್ಟಿನವು. ಇವುಗಳ ಬಳಕೆಗೆಂದು ಊರಿನವರು 1483ರಲ್ಲೇ ಸಂಘ ಕಟ್ಟಿ ಕರಾರು ಬರೆದುಕೊಂಡರು. 1517ರಲ್ಲಿ ಇನ್ನೊಂದು ಕಟ್ಟಳೆ ದಾಖಲಾಯಿತು: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ, ಬೇಸಗೆಯಲ್ಲಿ ಅಷ್ಟನ್ನೇ ಮೇಲಕ್ಕೆ ಅಟ್ಟಬೇಕು.

ಈ ಒಂದು ಮಾತಿನಲ್ಲಿ ಎಷ್ಟು ವಿವೇಕವಿದೆ, ನೋಡಿ! ಚಳಿಗಾಲದ ಮೇವು ಸ್ವಂತ ಬಯಲಿನಿಂದ ಬರಬೇಕು. ಆದ್ದರಿಂದ ವಸಂತದಲ್ಲಿ ಹತ್ತು ಹಸು ಕೊಂಡು, ಊರ ಹುಲ್ಲಿನಲ್ಲಿ ಕೊಬ್ಬಿಸಿ, ಶರತ್ಕಾಲದಲ್ಲಿ ಮಾರಿ ಲಾಭ ಹೊಡೆಯುವ ದಾರಿ ಮುಚ್ಚಿತು. ಹಸುಗಳು ಮೇಲೇರಿದ ಕೂಡಲೇ ಎಣಿಕೆ. ಮಿತಿ ಮೀರಿದವನಿಗೆ ದಂಡ. ದಂಡ ವಸೂಲು ಮಾಡುವ ಅಧಿಕಾರಿಗೆ ಅದರಲ್ಲಿ ಅರ್ಧ ಪಾಲು, ಹೀಗಾಗಿ ಅವನು ಕಣ್ಣು ಮುಚ್ಚುವಂತಿರಲಿಲ್ಲ. ಅಲ್ಲಿ ತಯಾರಾದ ಚೀಸನ್ನೂ ಹಸುಗಳ ಲೆಕ್ಕಕ್ಕೆ ಅನುಗುಣವಾಗಿ ಹಂಚುತ್ತಿದ್ದರು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ, ಎಲ್ಲರಿಗೂ ತೆರೆದಿಟ್ಟ ಗೋಮಾಳ ಹಾಳಾಗುವುದೇ ಸೈ ಎಂದು ವಾದಿಸಿದ. ಟೋರ್ಬೆಲ್ಲಿನ ಚರಿತ್ರೆ ಇದಕ್ಕೆ ಬೇರೆಯದೇ ಉತ್ತರ ಕೊಡುತ್ತದೆ. ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಈ ಹಳ್ಳಿಯನ್ನು ಅಭ್ಯಸಿಸಿ 1981ರಲ್ಲಿ ಗ್ರಂಥ ಪ್ರಕಟಿಸಿದರು. ಎಲಿನರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಇದನ್ನೇ ನಿದರ್ಶನವಾಗಿ ಎತ್ತಿಕೊಂಡರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಮೊದಲ ಮಹಿಳೆ ಅವರೇ.

ಈ ಏರ್ಪಾಡಿನಲ್ಲಿ ಉದಾರತೆಯನ್ನೇ ಹುಡುಕಬೇಕಾಗಿಲ್ಲ. ಹೊರಗಿನವನು ಟೋರ್ಬೆಲ್ಲಿನಲ್ಲಿ ಜಮೀನು ಕೊಂಡರೂ ಊರ ಹುಲ್ಲುಗಾವಲಿನ ಹಕ್ಕು ಅವನಿಗೆ ಸಿಗುತ್ತಿರಲಿಲ್ಲ. ಒಳಗಿನವರ ಸಮಾನತೆಗೆ ಹೊರಗಿನವರ ಮುಂದೆ ಮುಚ್ಚಿದ ಬಾಗಿಲೇ ಕಾವಲಾಗಿತ್ತು. ಆ ಹಸುರನ್ನು ಕಾಪಾಡಿದ್ದು ಬೆಟ್ಟದ ಗಾಳಿಯಲ್ಲ, ಅಕ್ಕಪಕ್ಕದವರು ಒಬ್ಬರ ಮೇಲೊಬ್ಬರು ಇಟ್ಟ ಕಣ್ಣು.