ಚಿಪ್ ತಯಾರಾಗುವ ಮುನ್ನವೇ ಪರೀಕ್ಷೆ: ಸರ್ಕ್ಯೂಟ್ ಸಿಮ್ಯುಲೇಷನ್ ಎಂಜಿನಿಯರ್ ಕೆಲಸವೇನು?

ಮೊಬೈಲ್, ಕಾರು, ಟಿವಿ, ವಾಷಿಂಗ್ ಮೆಷಿನ್ ಎಲ್ಲದರಲ್ಲೂ ಈಗ ಚಿಪ್ ಇದೆ. ಆದರೆ ಒಮ್ಮೆ ಸಿಲಿಕಾನ್ ಮೇಲೆ ಮೂಡಿದ ಸರ್ಕ್ಯೂಟನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ. ತಪ್ಪು ಸಿಕ್ಕರೆ ವಿನ್ಯಾಸ ತಿದ್ದಿ, ಮಾಸ್ಕ್ ಹೊಸದಾಗಿ ಮಾಡಿಸಿ, ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಮೊದಲ ಪರೀಕ್ಷೆ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಇದಕ್ಕೆ ಬಳಸುವ ಸಾಫ್ಟ್‌ವೇರೇ ಸಿಮ್ಯುಲೇಟರ್. ಅದರೊಳಗಿನ ಲೆಕ್ಕದ ವಿಧಾನಗಳನ್ನು ರೂಪಿಸುವುದು ಸಿಮ್ಯುಲೇಷನ್ ಎಂಜಿನಿಯರ್‌ಗಳ ಕೆಲಸ.

ಬರ್ಕ್ಲಿಯಿಂದ ಬಂದ 'ಸ್ಪೈಸ್'

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಿ ಪ್ರೊ. ಡೊನಾಲ್ಡ್ ಪೆಡರ್ಸನ್ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ರೂಪಿಸಿದ 'ಸ್ಪೈಸ್' ಪ್ರೋಗ್ರಾಂ 1973ರಲ್ಲಿ ಹೊರಬಂತು. 1975ರಲ್ಲಿ 'ಸ್ಪೈಸ್ 2' ಬಂತು. ಇಂದಿನ ಹಲವು ಸಿಮ್ಯುಲೇಟರ್‌ಗಳಿಗೆ ಇದೇ ಬುನಾದಿ.

ಒಳಗೆ ನಡೆಯುವುದೇನು?

ಸರ್ಕ್ಯೂಟ್‌ನಲ್ಲಿ ತಂತಿಗಳು ಕೂಡುವ ಜಾಗವೇ ನೋಡ್. ಅಲ್ಲಿಗೆ ಎಷ್ಟು ಕರೆಂಟ್ ಬರುತ್ತದೋ ಅಷ್ಟೇ ಹೊರಹೋಗಬೇಕು ಎನ್ನುತ್ತದೆ ಕಿರ್ಚಾಫ್ ನಿಯಮ. ಹೀಗೆ ಪ್ರತಿ ನೋಡ್‌ಗೂ ಒಂದು ಸಮೀಕರಣ ಸಿಗುತ್ತದೆ. ಟ್ರಾನ್ಸಿಸ್ಟರ್‌ನ ವರ್ತನೆ ಸರಳರೇಖೆಯಂತಿಲ್ಲ. ಆದ್ದರಿಂದ ನ್ಯೂಟನ್-ರಾಫ್ಸನ್ ವಿಧಾನದಲ್ಲಿ ಉತ್ತರವನ್ನು ಊಹಿಸಿ, ಮತ್ತೆ ಮತ್ತೆ ತಿದ್ದುತ್ತಾ ಹತ್ತಿರ ಹೋಗಬೇಕು. ಸಮಯದ ಒಂದೊಂದು ಪುಟ್ಟ ಹೆಜ್ಜೆಗೂ ಈ ಲೆಕ್ಕ ಹೊಸದಾಗಿ ನಡೆಯುತ್ತದೆ.

ವೇಗವೋ, ನಿಖರತೆಯೋ?

ಹೆಜ್ಜೆ ದೊಡ್ಡದಾದರೆ ಲೆಕ್ಕ ಬೇಗ ಮುಗಿಯುತ್ತದೆ, ಆದರೆ ತಪ್ಪು ನುಸುಳುತ್ತದೆ. ವಿಧಾನದ ಆಯ್ಕೆಯೂ ಮುಖ್ಯ. ಟ್ರೆಪಿಜಾಯ್ಡಲ್ ವಿಧಾನ ಕೆಲವೊಮ್ಮೆ ಸರ್ಕ್ಯೂಟ್‌ನಲ್ಲಿ ಇಲ್ಲದ ಏರಿಳಿತವನ್ನು ತೋರಿಸುತ್ತದೆ. ಗಣಿತಜ್ಞ ವಿಲಿಯಂ ಗಿಯರ್ ಹೆಸರಿನ ವಿಧಾನ ಇದಕ್ಕೆ ತದ್ವಿರುದ್ಧ: ನಿಜವಾಗಿ ಇರುವ ಏರಿಳಿತವನ್ನೇ ಅಡಗಿಸಿಬಿಡಬಹುದು.

ಲೆಕ್ಕ ಅರ್ಧಕ್ಕೆ ನಿಂತರೆ ವಿನ್ಯಾಸಕಾರರಿಗೆ ಕೂಡಲೇ ಗೊತ್ತಾಗುತ್ತದೆ. ತಪ್ಪು ಉತ್ತರವೇ ಸರಿಯಾದ ಉತ್ತರದಂತೆ ಕಂಡರೆ? ಅದು ತಿಳಿಯುವುದು ಚಿಪ್ ಕೈಗೆ ಬಂದ ಮೇಲೆ. ಹಾಗಾಗಿ ಸಿಮ್ಯುಲೇಟರ್ ಅನ್ನು ಎಷ್ಟು ವೇಗಗೊಳಿಸಬಹುದು ಎಂಬುದರ ಜತೆಗೆ, ಎಲ್ಲಿ ವೇಗಗೊಳಿಸಬಾರದು ಎಂಬ ತೀರ್ಮಾನವೂ ಈ ಎಂಜಿನಿಯರ್‌ಗಳದ್ದೇ.

ಏನು ಓದಿರಬೇಕು?

ಎಲೆಕ್ಟ್ರಾನಿಕ್ಸ್ ಜತೆಗೆ ಲೀನಿಯರ್ ಆಲ್ಜಿಬ್ರಾ, ನ್ಯೂಮರಿಕಲ್ ಮೆಥಡ್ಸ್ ಹಾಗೂ ಸಿ++ ಪ್ರೋಗ್ರಾಮಿಂಗ್ ಗಟ್ಟಿಯಾಗಿರಬೇಕು. ದೊಡ್ಡ ಸರ್ಕ್ಯೂಟ್‌ನಲ್ಲಿ ಲಕ್ಷಾಂತರ ಸಮೀಕರಣಗಳಿದ್ದರೂ, ಅವುಗಳ ಮ್ಯಾಟ್ರಿಕ್ಸ್‌ನಲ್ಲಿ ಬಹುಪಾಲು ಸೊನ್ನೆಗಳೇ ಇರುತ್ತವೆ. ಆ ಸೊನ್ನೆಗಳನ್ನು ಮುಟ್ಟದೆ ಲೆಕ್ಕ ಮುಗಿಸುವುದೇ ಇಲ್ಲಿನ ಜಾಣ್ಮೆ.

ಕಲಿಯಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. 'ಎನ್‌ಜಿಸ್ಪೈಸ್' ಉಚಿತವಾಗಿ ಸಿಗುತ್ತದೆ, ಅದರ ಸೋರ್ಸ್ ಕೋಡ್ ಕೂಡ ಮುಕ್ತ. ಅದನ್ನೇ ಬಳಸುವ 'ಇಸಿಮ್' ಅನ್ನು ಮುಂಬೈನ ಐಐಟಿ ಬಾಂಬೆಯ 'ಫಾಸಿ' ಯೋಜನೆ ರೂಪಿಸಿದೆ. ಒಂದು ಪುಟ್ಟ ಆಸಿಲೇಟರ್ ಸರ್ಕ್ಯೂಟ್ ಕಟ್ಟಿ, ಮೇಲಿನ ಎರಡೂ ವಿಧಾನಗಳಲ್ಲಿ ಓಡಿಸಿ ನೋಡಿ. ಎರಡರ ಉತ್ತರವೂ ಬೇರೆಯಾದರೆ, ಯಾವುದು ಸರಿ ಎಂದು ಹುಡುಕುವುದೇ ಈ ವೃತ್ತಿಯ ಮೊದಲ ಪಾಠ.