ಕಿಲ್ಪಾಕ್‌ನ ಬ್ರೆಡ್ಡು, ಮರೀನಾದ ಹಾದಿ

ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿದ ಡಾ. ಎಂ. ಶಾರದಾ ಮೆನನ್ ಮದರಾಸಿನಲ್ಲಿ, ಇಂದಿನ ಚೆನ್ನೈಯಲ್ಲಿ, ವೈದ್ಯಕೀಯ ಓದಿದರು. ಮನೋವೈದ್ಯಶಾಸ್ತ್ರ ಕಲಿಯಲು ಬೆಂಗಳೂರಿಗೆ, ಇಂದು ನಿಮ್ಹಾನ್ಸ್ ಆಗಿರುವ ಸಂಸ್ಥೆಗೆ ಬಂದರು. 1961ರಲ್ಲಿ ಮದರಾಸಿನ ಕಿಲ್ಪಾಕ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೊಣೆ ಅವರ ಕೈಗೆ ಬಂತು. 1978ರವರೆಗೂ ಅದನ್ನು ಹೊತ್ತರು. ದಿನನಿತ್ಯದ ಕೆಲಸಗಳ ಮೂಲಕ ಚೇತರಿಸುವ ಚಿಕಿತ್ಸೆ, ಅಂದರೆ ಆಕ್ಯುಪೇಷನಲ್ ಥೆರಪಿ, ಚೆನ್ನೈಯಲ್ಲಿ ಬೆಳೆದ ಬಗೆ ತಿಳಿಯಲು ಈ ಆಸ್ಪತ್ರೆಯಿಂದಲೇ ಹೊರಡಬೇಕು.

ರೋಗಿಗಳ ಕೈಗೆ ಕೆಲಸ ಕೊಡುವುದು ಹೊಸತೇನಲ್ಲ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳಲ್ಲೂ ತೋಟದ ಕೆಲಸ, ನೇಯ್ಗೆ ಇದ್ದವು. ಆಸ್ಪತ್ರೆಯ ಖರ್ಚು ತಗ್ಗಬೇಕು, ಒಳಗಿದ್ದವರು ಗಲಾಟೆಯಿಲ್ಲದೆ ಇರಬೇಕು ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಕಿಲ್ಪಾಕ್‌ನ ಕೈಗಾರಿಕಾ ಚಿಕಿತ್ಸಾ ಕೇಂದ್ರದ ದಾರಿ ಬೇರೆ. ಅಲ್ಲಿ ರೋಗಿಗಳು ಮಾಡಿದ ಬ್ರೆಡ್ಡು ನಗರದ ಸರ್ಕಾರಿ ಆಸ್ಪತ್ರೆಗಳಿಗೆ ಹೋಗುತ್ತಿತ್ತು. ಹೊತ್ತಿಗೆ ಸರಿಯಾಗಿ ಏಳುವುದು, ಹಿಟ್ಟು ತೂಗುವುದು, ಪಕ್ಕದವನೊಡನೆ ಹೊಂದಿಕೊಂಡು ದುಡಿಯುವುದು ಇವೆಲ್ಲ ಸ್ಕಿಜೋಫ್ರೇನಿಯಾ ಕಸಿದುಕೊಳ್ಳುವ ಶಕ್ತಿಗಳು. ಮಾತ್ರೆ ಒಂದರಿಂದಲೇ ಮರಳುವಂಥವಲ್ಲ. ಆದರೂ ಇಂಥ ದುಡಿಮೆಗೆ ನ್ಯಾಯವಾದ ಕೂಲಿ ಸಿಗದಿದ್ದರೆ ಚಿಕಿತ್ಸೆ ಮತ್ತೆ ಹಳೆಯ ಬಿಟ್ಟಿ ಚಾಕರಿಯೇ ಆಗುತ್ತದೆ. ಕೂಲಿಯ ಈ ಪ್ರಶ್ನೆಯನ್ನು ನಾವು ಇಂದಿಗೂ ಸಾಕಷ್ಟು ಗಟ್ಟಿಯಾಗಿ ಕೇಳಿಲ್ಲ. ನಿವೃತ್ತಿಯ ನಂತರ, 1984ರಲ್ಲಿ, ಮೆನನ್ ಸ್ಕಿಜೋಫ್ರೇನಿಯಾ ಇರುವವರಿಗಾಗಿ ಸ್ಕಾರ್ಫ್ ಸಂಸ್ಥೆ ಕಟ್ಟಿ ಈ ಕೆಲಸವನ್ನು ಆಸ್ಪತ್ರೆಯ ಗೋಡೆಯಾಚೆಗೆ ಒಯ್ದರು.

ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶುರುವಾಯಿತು. ಅದರ ಹಿಂದಿದ್ದವರು ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬಕರ್. ಅದೇ ಹೊತ್ತಿಗೆ, ಚೆನ್ನೈಗೆ ಸಮೀಪದ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮಡಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುತ್ತಿದ್ದರು. ಬೆರಳು ನೆಟ್ಟಗಾದರೂ ಸ್ಪರ್ಶ ಮರಳುವುದಿಲ್ಲ. ಬಿಸಿ ಕಾಫಿಯ ಸ್ಟೀಲ್ ಲೋಟ ಸುಟ್ಟರೂ ಗೊತ್ತಾಗುವುದಿಲ್ಲ. ಲೋಟಕ್ಕೆ ಹೊದಿಕೆ, ಉಳಿಯ ಹಿಡಿಗೆ ದಪ್ಪ ಸುತ್ತು, ಕೈಯನ್ನು ದಿನಾ ಕಣ್ಣಿಟ್ಟು ನೋಡಿಕೊಳ್ಳುವ ಅಭ್ಯಾಸ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಫಲ ಉಳಿಯದು. ವೆಲ್ಲೂರಿನಲ್ಲೇ ವೈದ್ಯರಾಗಿದ್ದ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಮುಂದೆ ಗಾಲಿಕುರ್ಚಿಯಲ್ಲೇ ಕುಳಿತು ಅಲ್ಲಿನ ಪುನಶ್ಚೇತನ ವಿಭಾಗವನ್ನು ಬೆಳೆಸಿದರು.

ಮಕ್ಕಳ ಕಡೆಗೆ ಚೆನ್ನೈ ತಿರುಗಿದ್ದು ಎಂಬತ್ತರ ದಶಕದಲ್ಲಿ. ಪೂನಂ ನಟರಾಜನ್ 1985ರಲ್ಲಿ ಆರಂಭಿಸಿದ ಶಾಲೆ ಇಂದಿನ ವಿದ್ಯಾಸಾಗರ್. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಬೆನ್ನು, ಪಾದ ಆತುಕೊಳ್ಳುವ ಕುರ್ಚಿ ಮೊದಲು ಬೇಕು. ಮೈ ನಿಂತರೆ ಕೈ ಬಿಡುವಾಗುತ್ತದೆ, ಆಮೇಲೆ ತಟ್ಟೆಯ ಅನ್ನ ಕಲಸುವುದು, ತುತ್ತು ಮಾಡುವುದು. ಪಾರ್ಶ್ವವಾಯು ಬಡಿದವರಿಗೂ ಇಂಥದೇ ಕ್ರಮವಿದೆ: ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ತಾನೇ ಅಂಗಿ ತೊಟ್ಟ ದಿನ ಆ ಮನುಷ್ಯ ಇನ್ನೊಬ್ಬರ ಬಿಡುವಿಗಾಗಿ ಕಾಯಬೇಕಿಲ್ಲ. ಚಿಕ್ಕದಲ್ಲ ಅದು.

ಚೆನ್ನೈ ಹೊರವಲಯದ ಮುಟ್ಟುಕಾಡಿನಲ್ಲಿ 2005ರಲ್ಲಿ ಬಹುವೈಕಲ್ಯವುಳ್ಳವರ ರಾಷ್ಟ್ರೀಯ ಸಂಸ್ಥೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾನೂನು ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಐಐಟಿ ಮದ್ರಾಸ್ ಕುಳಿತವರನ್ನು ಎಬ್ಬಿಸಿ ನಿಲ್ಲಿಸುವ ಗಾಲಿಕುರ್ಚಿ ರೂಪಿಸಿತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2022ರ ನವೆಂಬರಿನಲ್ಲಿ ಚೆನ್ನೈನ ಮರೀನಾ ಕಡಲತೀರದ ಮರಳಿನ ಮೇಲೆ ತೆರೆದ ಮರದ ಹಾದಿ. ಅಂಗವಿಕಲರ ಹಕ್ಕಿನ ಹೋರಾಟಗಾರರು ವರ್ಷಗಟ್ಟಲೆ ಕೇಳಿದ್ದಕ್ಕೆ ಸಿಕ್ಕಿದ್ದು ಅದು. ಕಾಲನ್ನು ತಿದ್ದುವ ಬದಲು ದಾರಿಯನ್ನು ತಿದ್ದಿದ್ದರಿಂದ ಗಾಲಿಕುರ್ಚಿಯವರೂ ಅಲೆಗಳ ಹತ್ತಿರ ಹೋಗುವಂತಾಯಿತು. ಡಿಸೆಂಬರಿನ ಮಾಂಡೌಸ್ ಚಂಡಮಾರುತ ಅದಕ್ಕೆ ಹಾನಿ ಮಾಡಿತು, ದುರಸ್ತಿ ಮಾಡಿಸಬೇಕಾಯಿತು.

ಈಗ ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರಲ್ಲಿ ತಮಿಳುನಾಡು ಸರ್ಕಾರ ಈ ಚಿಕಿತ್ಸೆಗಳನ್ನು ಜನರ ನೆರೆಗೇ ಒಯ್ಯಲು ಹೊರಟಿದೆ. ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಬರುವ ತಾಯಿ ನಡುವೆಯೇ ಚಿಕಿತ್ಸೆ ಬಿಡುವುದು ಮಗು ಕಲಿಯದೆಂದಲ್ಲ, ಅಂದಿನ ಕೂಲಿ ತಪ್ಪುತ್ತದೆಂದು.