ಸೀಮ್ ಚಲನೆ ಮತ್ತು ಪ್ರವಾಸಿ ಬ್ಯಾಟರ್

ಚೆಂಡಿನ ಉಬ್ಬು ಹೊಲಿಗೆ ಪಿಚ್‌ಗೆ ತಾಗಿ, ಪುಟಿದ ಚೆಂಡು ಒಳಕ್ಕೋ ಹೊರಕ್ಕೋ ಸರಿಯುವುದನ್ನು ಸೀಮ್ ಚಲನೆ ಎನ್ನುತ್ತಾರೆ. ಗಾಳಿಯಲ್ಲೇ ಬಾಗುವ ಸ್ವಿಂಗ್ ಬೇರೆ. ಬೌಲರ್‌ನ ಮಣಿಕಟ್ಟಿನಲ್ಲೋ ಚೆಂಡಿನ ಹಾದಿಯಲ್ಲೋ ಅದರ ಸುಳಿವು ಮೊದಲೇ ಸಿಗಬಹುದು. ಸೀಮ್ ಚಲನೆಗೆ ಅಂಥ ಮುನ್ಸೂಚನೆ ಇಲ್ಲ. ಚೆಂಡು ಯಾವ ಕಡೆ ಸರಿಯುತ್ತದೆಂದು ಎಷ್ಟೋ ಸಲ ಬೌಲರ್‌ಗೇ ಗೊತ್ತಿರುವುದಿಲ್ಲ. ಗಂಟೆಗೆ 135 ಕಿ.ಮೀ. ವೇಗದ ಚೆಂಡು ಗುಡ್ ಲೆಂಗ್ತ್‌ನಲ್ಲಿ ಬಿದ್ದು ಬ್ಯಾಟಿಗೆ ತಲುಪಲು ಸೆಕೆಂಡಿನ ಐದರಲ್ಲೊಂದು ಪಾಲು ಸಾಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಹಿಡಿಯುವುದೂ ಸುಮಾರು ಅಷ್ಟೇ ಹೊತ್ತು. ಬ್ಯಾಟಿನ ಅಗಲವೋ ಹೆಚ್ಚೆಂದರೆ 10.8 ಸೆಂ.ಮೀ. ಹೀಗಾಗಿ ಪುಟಿದ ಮೇಲೆ ನೋಡಿಕೊಂಡು ಆಡುವುದು ಯಾರಿಂದಲೂ ಆಗದು, ಹೀಗೇ ಬರುತ್ತದೆಂಬ ಅಂದಾಜಿನ ಮೇಲೆ ಆಡಬೇಕು. ಆ ಅಂದಾಜು ಬೆಳೆದದ್ದು ತವರಿನ ಪಿಚ್‌ಗಳಲ್ಲಿ. ಪ್ರವಾಸಿ ಬ್ಯಾಟರ್‌ನನ್ನು ಕೆಡವುವುದು ಕೌಶಲದ ಕೊರತೆಗಿಂತ ಹೆಚ್ಚಾಗಿ, ಊರಲ್ಲಿ ರನ್ ತಂದುಕೊಟ್ಟ ಅದೇ ಅಭ್ಯಾಸ.

ಭಾರತದ ಒಣ ಪಿಚ್‌ಗಳಲ್ಲಿ ಹೊಸ ಚೆಂಡಿನ ಕೆಲವು ಓವರ್ ಕಳೆದರೆ ಬಿದ್ದ ಚೆಂಡು ಹೆಚ್ಚಾಗಿ ನೇರಕ್ಕೇ ಬರುತ್ತದೆ. ಹಾಗಾಗಿ ಕೈ ಮುಂದೆ ಚಾಚಿ ಚೆಂಡನ್ನು ಎದುರುಗೊಳ್ಳುವುದು ಅಲ್ಲಿ ಲಾಭದ ಆಟ. ಇಂಗ್ಲೆಂಡಿನ ಹಸಿರು, ತೇವದ ಪಿಚ್‌ನಲ್ಲಿ ಅದೇ ಕೈ ಸ್ಲಿಪ್‌ಗೆ ಕ್ಯಾಚ್ ಕೊಡಿಸುತ್ತದೆ. 2014ರಲ್ಲಿ ವಿರಾಟ್ ಕೊಹ್ಲಿ ಅಲ್ಲಿನ ಹತ್ತು ಇನಿಂಗ್ಸ್‌ಗಳಲ್ಲಿ ಗಳಿಸಿದ್ದು ಬರೀ 134, 2018ರಲ್ಲಿ 593. ನಡುವೆ ಬದಲಾದದ್ದು ಪ್ರತಿಭೆಯಲ್ಲ. ಕ್ರೀಸ್‌ನಿಂದ ಮುಂದೆ ನಿಂತದ್ದು, ಆಫ್ ಸ್ಟಂಪ್ ಆಚೆಗಿನ ಚೆಂಡನ್ನು ಬಿಡುವ ತಾಳ್ಮೆ. ಚೆಂಡನ್ನು ಬಿಡುವುದೂ ಒಂದು ಹೊಡೆತವೆಂದು ಎಣಿಸಿದವರಲ್ಲಿ ರಾಹುಲ್ ದ್ರಾವಿಡ್ ಒಬ್ಬರು. 2000ದಲ್ಲಿ ಕೆಂಟ್ ಕೌಂಟಿಗೆ ಆಡಿದ್ದ ಅವರು 2002ರ ಇಂಗ್ಲೆಂಡ್ ಸರಣಿಯಲ್ಲಿ 602 ರನ್ ಮಾಡಿದರು. ಆ ಸರಣಿಯ ಲೀಡ್ಸ್ ಟೆಸ್ಟ್‌ನಲ್ಲಿ ಭಾರತ ಮೋಡದ ಕೆಳಗೆ ತಾನಾಗಿಯೇ ಬ್ಯಾಟಿಂಗ್ ಆಯ್ದುಕೊಂಡಿತು. ದ್ರಾವಿಡ್ ಮತ್ತು ಸಂಜಯ್ ಬಂಗಾರ್ ಎರಡನೇ ವಿಕೆಟ್‌ಗೆ ಸೇರಿಸಿದ 170 ರನ್ನುಗಳೇ ಇನಿಂಗ್ಸ್ ಗೆಲುವಿಗೆ ತಳಪಾಯ. ತೆಂಡೂಲ್ಕರ್ 193, ಗಂಗೂಲಿ 128 ಹೊಡೆದದ್ದು ಆಮೇಲೆ.

ದೋಷವನ್ನು ಇಂಗ್ಲೆಂಡಿನ ಡ್ಯೂಕ್ಸ್ ಚೆಂಡಿನ ಮೇಲೆ ಹೊರಿಸುವವರಿದ್ದಾರೆ. ಆದರೆ ಭಾರತದ ಎಸ್‌ಜಿ ಚೆಂಡೂ ಕೈಹೊಲಿಗೆಯದೇ, ಅದರ ಸೀಮ್ ಕೂಡ ಎದ್ದೇ ಇರುತ್ತದೆ. ವ್ಯತ್ಯಾಸ ಹೆಚ್ಚಾಗಿ ಅದು ಬೀಳುವ ನೆಲದ್ದು. ತವರಿನವರೂ ಕುಸಿಯುತ್ತಾರಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. 2024ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾ 55ಕ್ಕೆ ಆಲೌಟಾಯಿತು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮಳೆಗೆ ಮೊದಲ ದಿನ ಕೊಚ್ಚಿಹೋದ ಮೇಲೆ, ಭಾರತ ನ್ಯೂಜಿಲೆಂಡ್ ಎದುರು 46ಕ್ಕೆ ಮುಗಿಯಿತು. ಐವರು ಸೊನ್ನೆ ಸುತ್ತಿದರು. ಪಿಚ್ ಒಣಗಿದ ಮೇಲೆ ಅದೇ ತಂಡ 462 ಗಳಿಸಿತು. ಇದು ಮೇಲಿನ ವಾದವನ್ನು ಮುರಿಯುವ ಬದಲು ತಿದ್ದುತ್ತದೆ: ಪಿಚ್ ಪರಕೀಯವಾಗುವುದು ದೇಶದ ಗಡಿಯಿಂದಲ್ಲ, ಕೈಯ ರೂಢಿಯಿಂದ. ಅಭ್ಯಾಸ ಪಂದ್ಯಗಳಿಂದ ಈ ರೂಢಿ ಬದಲಾಗುತ್ತದೆಂಬ ನಂಬಿಕೆಯೂ ಪೂರ್ತಿ ನಿಲ್ಲದು. 1974ರ ಭಾರತ ತಂಡ ಹಲವು ಕೌಂಟಿ ಪಂದ್ಯ ಆಡಿಯೇ ಲಾರ್ಡ್ಸ್‌ಗೆ ಬಂದಿತ್ತು, ಮೊದಲ ಇನಿಂಗ್ಸ್‌ನಲ್ಲಿ 302 ಗಳಿಸಿತ್ತು. ಆದರೂ ಫಾಲೋ ಆನ್‌ಗೆ ಒಳಗಾಗಿ, ಮೋಡ ಕವಿದ ಬೆಳಿಗ್ಗೆ 17 ಓವರ್‌ಗಳಲ್ಲಿ 42ಕ್ಕೆ ಉದುರಿತು. ಇನ್ನು ಬಿರುಸಾಗಿ ಹೊಡೆದು ಬೌಲರ್‌ನ ಲೆಂಗ್ತ್ ಕೆಡಿಸುವ ದಾರಿಯೂ ಇದೆ. 2022ರಲ್ಲಿ ಎಜ್‌ಬಾಸ್ಟನ್‌ನಲ್ಲಿ ರಿಷಭ್ ಪಂತ್ 111 ಎಸೆತಗಳಲ್ಲಿ 146 ಬಾರಿಸಿದ್ದು ಅದಕ್ಕೆ ಸಾಕ್ಷಿ. ಆದರೆ ಅವರ ಜೊತೆಯಾಟಗಾರ ರವೀಂದ್ರ ಜಡೇಜಾ ಅದೇ ಪಿಚ್‌ನಲ್ಲಿ ಶತಕ ಹೊಡೆದದ್ದು ಚೆಂಡನ್ನು ಬಿಡುತ್ತಾ, ತಡವಾಗಿ ಆಡುತ್ತಾ.